ಹೊಸ ಹಾಡು ಲಾಯ್ಕ ಉಂಟು, ಆದರೆ ಅದು ಯಾರದ್ದು?

(ಈ ವಾರದ ಕಂತಿನ ಬರಹ ರೂಪ. ಓದಲಿಕ್ಕೆ ಸುಲಭ ಆಗಲಿ ಅಂತ ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಿದ್ದೇನೆ.)

ಪುತ್ತೂರಿಂದ ಮಾತಾಡ್ತಾ ಇದ್ದೇನೆ. ಹೊರಗೆ ಮಳೆ, ಒಳಗೆ ಫ್ಯಾನ್ ಆಫ್. ಆನ್ ಮಾಡಿದರೆ ಮೈಕಿಗೆ ಶಬ್ದ ಬರ್ತದೆ. ಹಾಗಾಗಿ ಬೆವರಿಕೊಂಡೇ ಶುರು ಮಾಡುವ.

ಪ್ರತಿ ಸಲ ನಾನು ಮೂರ್ನಾಲ್ಕು ಹೊಸ ಹಾಡು ತಕ್ಕೊಂಡು, ಇದು ಹೀಗುಂಟು, ಅದು ಹಾಗುಂಟು ಅಂತ ಹೇಳ್ತೇನೆ. ಈ ಸಲ ಹೊಸ ಹಾಡು ಒಂದೇ. ಉಳಿದ ಸಮಯ ಒಂದು ಪ್ರಶ್ನೆಗೆ. ಕಡಬದ ಕಡೆಯಿಂದ ಒಬ್ಬರು ಕೇಳುಗರು ವಾಯ್ಸ್ ನೋಟ್ ಕಳಿಸಿದ್ದರು: "ನೀವು ಒಮ್ಮೆ ಇಂಡಿ ಅಂತೀರಿ, ಒಮ್ಮೆ ಆಲ್ಟರ್ನೇಟಿವ್ ಅಂತೀರಿ, ಒಮ್ಮೆ ರಾಕ್ ಅಂತೀರಿ. ಮೂರೂ ಒಂದೆಯಾ? ಹಾಡು ಲಾಯ್ಕ ಉಂಟು ಅಂದ್ರೆ ಸಾಕಲ್ವಾ ಮಾರಾಯ್ರೆ?"

ಹೋದ ತಿಂಗಳಾದರೆ ನಾನೂ "ಸಾಕು" ಅಂತಿದ್ದೆ. ಈಗ ಹಾಗೆ ಹೇಳ್ಲಿಕ್ಕೆ ಆಗುದಿಲ್ಲ. ಅದಕ್ಕೆ ಕಾರಣ ಸುಳ್ಯದ ನನ್ನ ಒಬ್ಬ ಗೆಳೆಯ, ಅವನ ಒಂದು ಹಾಡು, ಮತ್ತೆ ನಾಲ್ಕು ಪುಟದ ಒಂದು ಕಾಗದ. ಆ ಕಾಗದದ ಕಥೆ ಹೇಳಲಿಕ್ಕೆ ಉಂಟು, ಹಾಗಾಗಿ ತನ್ನ ಹೆಸರು, ಹಾಡಿನ ಹೆಸರು ಎರಡೂ ಬೇಡ ಅಂದಿದ್ದಾನೆ. ಆಯ್ತು, ಬೇಡ.

ಎರಡು ಪದ, ಎರಡು ಬೇರೆ ಪ್ರಶ್ನೆ

ಮೊದಲು ಪದಗಳನ್ನು ಬಿಡಿಸುವ. ‘ಆಲ್ಟರ್ನೇಟಿವ್’ ಅನ್ನೋದು ಹಾಡು ಹೇಗೆ ಕೇಳಿಸ್ತದೆ ಅನ್ನುವ ಪ್ರಶ್ನೆಗೆ ಉತ್ತರ. ಎಲ್ಲರಿಗೂ ರೂಢಿಯಾದ ಅಚ್ಚಿನಲ್ಲಿ ಇಲ್ಲದ ರಾಕ್ ಅಂತ ಅರ್ಥ. ಗಿಟಾರ್ ಇರ್ತದೆ, ಡ್ರಮ್ಸ್ ಇರ್ತದೆ, ಆದರೆ ಪಲ್ಲವಿ ನಾವು ಕಾಯುವ ಜಾಗದಲ್ಲಿ ಬರ್ಲಿಕ್ಕಿಲ್ಲ. ದನಿ ಒಡೆದ ಹಾಗೆ ಇರಬಹುದು. ಐದು ನಿಮಿಷದಲ್ಲಿ ಎರಡು ನಿಮಿಷ ಮಾತೇ ಇಲ್ಲದಿರಬಹುದು.

‘ಇಂಡಿ’ ಅಂದ್ರೆ ಇಂಡಿಪೆಂಡೆಂಟ್, ಸ್ವತಂತ್ರ. ಇದು ಶಬ್ದದ ಪ್ರಶ್ನೆಯೇ ಅಲ್ಲ. ಹಾಡು ಯಾರ ಕೈಯಲ್ಲಿ ಉಂಟು ಅನ್ನುವ ಪ್ರಶ್ನೆ. ದೊಡ್ಡ ಮ್ಯೂಸಿಕ್ ಕಂಪನಿ ದುಡ್ಡು ಹಾಕಿ ತನ್ನ ಹೆಸರಲ್ಲಿ ಇಟ್ಟುಕೊಂಡಿದೆಯಾ, ಅಥವಾ ಮಾಡಿದವರ ಹತ್ತಿರವೇ ಉಂಟಾ? ನುಣ್ಣಗಿನ ಪ್ರೇಮಗೀತೆಯೂ ಇಂಡಿ ಆಗಬಹುದು. ಕಿವಿ ಕಿತ್ತು ಹೋಗುವ ಮೆಟಲ್ ಹಾಡು ಇಂಡಿ ಅಲ್ಲದೆಯೂ ಇರಬಹುದು.

ನಮ್ಮ ತಾಪತ್ರಯ ಎಂತ ಅಂದ್ರೆ, ಕನ್ನಡದಲ್ಲಿ ಸಿನಿಮಾಕ್ಕೆ ಸೇರದ ಹಾಡೆಲ್ಲವನ್ನೂ ಇಂಡಿ ಅಂತ ಕರೆದುಬಿಡ್ತೇವೆ. ಹಾಗೆ ನೋಡಿದರೆ ಸಿನಿಮಾ ಇಲ್ಲದ ಹಾಡು ಕನ್ನಡಕ್ಕೆ ಹೊಸತಲ್ಲ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ಅಲ್ಲಿಂದ ಮುಂದೆ ಭಾವಗೀತೆ ಕ್ಯಾಸೆಟ್‌ಗಳದ್ದೇ ಒಂದು ಕಾಲ. ನಮ್ಮ ಊರಿನ ಹೆಸರನ್ನೇ ಹೊತ್ತ ಪುತ್ತೂರು ನರಸಿಂಹ ನಾಯಕರ ದಾಸರ ಪದ ಕೇಳದ ಮನೆ ಈ ಕಡೆ ಎಷ್ಟುಂಟು? ಸಿನಿಮಾ ಇಲ್ಲದೆಯೂ ಹಾಡು ಮನೆಮನೆಗೆ ಹೋಗ್ತದೆ ಅಂತ ನಮಗೆ ಮೊದಲೇ ಗೊತ್ತಿತ್ತು. ಹಕ್ಕು ಯಾರದ್ದು ಅಂತ ಮಾತ್ರ ನಾವು ಕೇಳ್ಲಿಲ್ಲ.

ಮೂರು ಸಲ ಕೇಳುವುದು

ನಾನು ಹೊಸ ಹಾಡನ್ನು ಮೂರು ಸಲ ಕೇಳ್ತೇನೆ. 2015ರ ಜುಲೈ 10ರಿಂದ ಹೊಸ ಹಾಡು ಬಿಡುಗಡೆ ಆಗುವ ದಿನ ಲೋಕಕ್ಕೆಲ್ಲ ಶುಕ್ರವಾರ ಅಂತ ಮಾಡಿದ್ದಾರೆ, ಹಾಗಾಗಿ ಶುಕ್ರವಾರ ಸಂಜೆಯೇ ಕೂರ್ತೇನೆ.

ಮೊದಲನೇ ಸಲ ಬಸ್ಸಿನಲ್ಲಿ. ಪುತ್ತೂರಿಂದ ಸುಳ್ಯಕ್ಕೆ ಹೋಗುವಾಗ ಕಿಟಕಿ ಹತ್ತಿರ ಕೂತು, ಇಂಜಿನ್ ಶಬ್ದದ ಮೇಲೆಯೇ ಕೇಳುವುದು. ಆಗ ಸೂಕ್ಷ್ಮ ಯಾವುದೂ ಕೇಳುದಿಲ್ಲ, ಹಾಡಿನ ಎಲುಬು ಮಾತ್ರ ಕೇಳ್ತದೆ. ಇಳಿದ ಮೇಲೆ ಒಂದು ತುಂಡಾದರೂ ಬಾಯಿಗೆ ಬಂದರೆ ಎಲುಬು ಗಟ್ಟಿ ಉಂಟು ಅಂತ ಲೆಕ್ಕ.

ಎರಡನೇ ಸಲ ಮಾತಿಗೆ. ಕನ್ನಡ ರಾಕ್ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಕನ್ನಡದ ಪದಗಳು ಸ್ವರದಲ್ಲಿ ಮುಗೀತವೆ: ಮಳೆ, ತೋಟ, ಹೊಳೆ, ಮನೆ. ಇಂಗ್ಲಿಷ್ ರಾಕಿನ ತಾಳ ಗಟ್ಟಿ ವ್ಯಂಜನದಲ್ಲಿ ಟಕ್ ಅಂತ ನಿಲ್ಲುವ ಪದಗಳ ಮೇಲೆ ಬೆಳೆದದ್ದು. ಅದೇ ತಾಳಕ್ಕೆ ಕನ್ನಡ ತುರುಕಿದರೆ ಪದದ ಬಾಲ ಕತ್ತರಿಸಿ ಹಾಡಬೇಕಾಗ್ತದೆ, ಕೇಳುವಾಗ ಡಬ್ಬಿಂಗ್ ಸಿನಿಮಾದ ಹಾಗೆ ಆಗ್ತದೆ. ಒಳ್ಳೆಯ ಬ್ಯಾಂಡ್ ಗಿಟಾರನ್ನೇ ಸ್ವಲ್ಪ ಕಾಯಿಸಿ ಪದಕ್ಕೆ ಜಾಗ ಬಿಡ್ತದೆ.

ಮೂರನೇ ಸಲ ಹೆಡ್‌ಫೋನ್ ಹಾಕಿ ಮನೆಯಲ್ಲಿ. ಆಗ ಯಾವ ವಾದ್ಯ ಎಲ್ಲಿ ಉಂಟು, ಯಾರು ಬಾರಿಸಿದ್ದು, ಯಾರು ಬರೆದದ್ದು, ಎಲ್ಲವನ್ನೂ ನೋಡ್ತೇನೆ. ಈ ಮೂರನೇ ಸಲದ ‘ಯಾರು’ ಅನ್ನುವ ಭಾಗಕ್ಕೆ ಮೊದಲು ನಾನು ಹೆಚ್ಚು ಸಮಯ ಕೊಡ್ತಿರಲಿಲ್ಲ. ಅದೇ ತಪ್ಪಾಗಿತ್ತು.

ಮೂರು ಹಳೆಯ ‘ಹೊಸ ಹಾಡು’

ಈ ವಿಧಾನದಲ್ಲಿ ಮೂರು ಹಳೆಯ ಆಲ್ಬಂ ನೋಡುವ. ಇವೂ ಒಂದು ಕಾಲದಲ್ಲಿ ಹೊಸತೇ.

2008ರಲ್ಲಿ ಮೈಸೂರಿನ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದಾಗ ನಾನು ಶಾಲೆಯಲ್ಲಿ. ಅಣ್ಣನ ಮೊಬೈಲಿನ ಮೆಮೊರಿ ಕಾರ್ಡಲ್ಲಿ ಶಿಶುನಾಳ ಷರೀಫರ ‘ಗುಡುಗುಡಿಯ ಸೇದಿ ನೋಡೋ’ ಇತ್ತು. ಮೊದಲ ಸಲ ಕೇಳಿದಾಗ ನನಗೆ ಅನಿಸಿದ್ದು, ಇವರು ಜಗಳಕ್ಕೆ ಬಂದ ಹಾಗೆ ಹಾಡ್ತಾರಲ್ಲ ಅಂತ. ಮತ್ತೆ ಕೇಳಿದಾಗ ಗೊತ್ತಾಯ್ತು, ಷರೀಫರ ಪದವೇ ಹಾಗೆ ಉಂಟು, ಎದುರು ಕೂತವನ ಹೆಗಲು ಅಲುಗಾಡಿಸಿ ಹೇಳುವ ಹಾಗೆ. ಗಿಟಾರ್ ಆ ಅಲುಗಾಟಕ್ಕೆ ಜೊತೆ ಕೊಟ್ಟಿದೆ, ಅಷ್ಟೇ. ಪದದ ಬಾಲ ಎಲ್ಲಿಯೂ ಕತ್ತರಿಸಿಲ್ಲ.

ಇನ್ನು ‘ಯಾರದ್ದು’ ಅನ್ನುವ ಪ್ರಶ್ನೆ. ಷರೀಫರು ತೀರಿಹೋದದ್ದು 1889ರಲ್ಲಿ. ಭಾರತದ ಕಾನೂನಿನಲ್ಲಿ ಬರೆದವರ ಹಕ್ಕು ಅವರ ಜೀವಮಾನ ಮತ್ತೆ 60 ವರ್ಷ. ಹಾಗಾಗಿ ಷರೀಫರ ಪದ ಇವತ್ತು ಎಲ್ಲರದ್ದು. ನೀವೂ ನಿಮ್ಮದೇ ಮಟ್ಟಿನಲ್ಲಿ ಹಾಡಬಹುದು. ಆದರೆ ಅದೇ ಪದಕ್ಕೆ ಸಿ. ಅಶ್ವತ್ಥ್ ಹಾಕಿದ ರಾಗ ಉಂಟಲ್ಲ, ಅದು ಬೇರೆ ಆಸ್ತಿ. ಅವರು ತೀರಿಹೋದದ್ದು 2009ರ ಡಿಸೆಂಬರ್‌ನಲ್ಲಿ, ಅಂದ್ರೆ ಆ ರಾಗದ ಹಕ್ಕು 2069ರ ಕೊನೆವರೆಗೆ ಉಂಟು. ಪದ ಒಬ್ಬರದ್ದು, ರಾಗ ಒಬ್ಬರದ್ದು. ಇದನ್ನು ನೆನಪಿಡಿ, ಮುಂದೆ ಬೇಕಾಗ್ತದೆ.

ರಘು ಅವರ ಆ ಆಲ್ಬಂ ಹೊರಗೆ ತಂದದ್ದು ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಅವರ ಸ್ವಂತ ಲೇಬಲ್. 2013ರ ಎರಡನೇ ಆಲ್ಬಂ ‘ಜಗ್ ಚಂಗಾ’ವನ್ನು ರಘು ಕೇಳುಗರಿಗೆ ಉಚಿತವಾಗಿಯೇ ಡೌನ್‌ಲೋಡಿಗೆ ಬಿಟ್ಟರು. ಉಚಿತವಾಗಿ ಕೊಡುವುದೂ ಒಂದು ಅಧಿಕಾರ. ಹಾಡು ನಮ್ಮದಾಗಿದ್ದರೆ ಮಾತ್ರ ಕೊಡಬಹುದು.

ಎರಡನೆಯದು ನಮ್ಮ ಪಕ್ಕದ್ದು. ಜಾಲ್ಸೂರು ದಾಟಿದರೆ ಕೇರಳ. ಅದೇ 2008ರಲ್ಲಿ ಅಲ್ಲಿ ‘ಅವಿಯಲ್’ ಅನ್ನುವ ಬ್ಯಾಂಡ್ ತನ್ನದೇ ಹೆಸರಿನ ಮಲಯಾಳಂ ಆಲ್ಬಂ ತಂದಿತು. ಮಾತು ಪೂರ್ತಿ ಅರ್ಥ ಆಗದಿದ್ದರೂ, ನಾಟಿ ದನಿಗೆ ಅಷ್ಟು ಭಾರದ ಗಿಟಾರ್ ಹೊಂದಿಕೊಂಡ ರೀತಿ ಕೇಳಿ ನಾನು ಪದವಿ ಓದುವಾಗ ಬೆರಗಾಗಿದ್ದೆ. ರಘು ಅವರದ್ದು ಜಾತ್ರೆ ಆದರೆ ಇದು ಕತ್ತಲೆ ಕಾಡು. ಆಲ್ಟರ್ನೇಟಿವ್ ಅನ್ನುವ ಪದಕ್ಕೆ ನನಗೆ ಸಿಕ್ಕ ಮೊದಲ ಸರಿಯಾದ ಉದಾಹರಣೆ ಅದು.

ಮೂರನೆಯದು ಬೆಂಗಳೂರಿನ ಸ್ವರಾತ್ಮ, 2009ರ ಮೊದಲ ಆಲ್ಬಂ. ಹಾಡುವವರು ವಾಸು ದೀಕ್ಷಿತ್, ರಘು ಅವರ ತಮ್ಮ. ಅದರಲ್ಲಿ ‘ಪ್ಯಾಸಿ’ ಅಂತ ಹಿಂದಿ ಹಾಡು ಉಂಟು. ಕಾವೇರಿ ಜಗಳದ ನಡುವೆ ನದಿಯೇ ನನಗೆ ಬಾಯಾರಿಕೆ ಅಂತ ಹೇಳುವ ಹಾಗೆ ಮಾಡಿದ್ದಾರೆ. ನಮ್ಮ ಪಯಸ್ವಿನಿಯೂ ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯ ದಾಟಿ, ಕಾಸರಗೋಡಿಗೆ ಹೋಗಿ ಚಂದ್ರಗಿರಿ ಅಂತ ಹೆಸರು ಬದಲಾಯಿಸಿಕೊಳ್ತಾಳೆ. ಬೇಸಗೆಯಲ್ಲಿ ಅವಳನ್ನು ನೋಡಿದವರಿಗೆ ಈ ಹಾಡು ದೂರದ್ದು ಅಂತ ಅನಿಸುದಿಲ್ಲ. ನನ್ನ ಒಂದೇ ದೂರು ಅಂದ್ರೆ ಇದು ಕನ್ನಡದಲ್ಲಿ ಇರಬೇಕಿತ್ತು.

"ರಾಕ್ ನಮ್ಮದಲ್ಲ" ಅನ್ನುವವರಿಗೆ

ಇಷ್ಟು ಹೇಳಿದ ಕೂಡಲೇ ಊರಿನಲ್ಲಿ ಯಾರಾದರೊಬ್ಬರು ಹೇಳ್ತಾರೆ: "ಅದೆಲ್ಲ ಬೆಂಗಳೂರಿನವರಿಗೆ. ಗಿಟಾರ್ ನಮ್ಮದಾ?"

ಅವರಿಗೆ ನಾನು ಕೇಳುವುದು, ಸ್ಯಾಕ್ಸೋಫೋನ್ ಯಾರದ್ದು? ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಅದಕ್ಕೆ ಪೇಟೆಂಟ್ ತಕ್ಕೊಂಡದ್ದು 1846ರಲ್ಲಿ. ಇವತ್ತು ದಕ್ಷಿಣ ಕನ್ನಡದಲ್ಲಿ ಮದುವೆ ಆದರೂ ದೇವಸ್ಥಾನದ ಉತ್ಸವ ಆದರೂ ಸ್ಯಾಕ್ಸೋಫೋನ್ ಬೇಕು. ಬಂಟ್ವಾಳದ ಸಜೀಪದಲ್ಲಿ ನಾಗಸ್ವರ ನುಡಿಸುವವರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್, ಮೈಸೂರು ಅರಮನೆ ಬ್ಯಾಂಡಿನಲ್ಲಿ ಅದನ್ನು ಕೇಳಿ, ಕರ್ನಾಟಕ ಸಂಗೀತದ ಗಮಕ ಅದರಲ್ಲಿ ಬರುವವರೆಗೂ ಬಿಡ್ಲಿಲ್ಲ. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಈಗ ನಮ್ಮ ಅಜ್ಜಿಗೆ ಸ್ಯಾಕ್ಸೋಫೋನ್ ವಿದೇಶಿ ಅಂದರೆ ನಗ್ತಾರೆ.

ವಾದ್ಯ ಯಾವ ದೇಶದ್ದಾದರೂ, ನಮ್ಮ ಉಸಿರಿಗೆ ಬಗ್ಗಿದರೆ ಅದು ನಮ್ಮದು. ರಾಕ್ ಹಾಡು ಕೇಳುವಾಗ ನಾನು ಹುಡುಕುವುದು ಅದನ್ನೇ. ಗಿಟಾರ್ ಇಲ್ಲಿಯ ಉಸಿರಿಗೆ ಬಗ್ಗಿದೆಯಾ, ಇಲ್ಲವಾ? ರಾತ್ರಿಯಿಡೀ ಚೆಂಡೆ ಕೇಳಿ ಬೆಳೆದ ಊರು ನಮ್ಮದು. ದೊಡ್ಡ ಶಬ್ದಕ್ಕೆ ಹೆದರುವವರು ನಾವಲ್ಲ.

ಎರಡು ಹಾಡು ಒಂದೇ ಥರ ಕೇಳಿದಾಗ

ಯಾರದ್ದು ಅನ್ನುವ ಪ್ರಶ್ನೆ ನಮ್ಮ ಕರಾವಳಿಗೆ ದೊಡ್ಡದಾಗಿ ಬಂದದ್ದು ‘ಕಾಂತಾರ’ದ ಸಮಯ. 2022ರ ಸೆಪ್ಟೆಂಬರ್ 30ಕ್ಕೆ ಸಿನಿಮಾ ಬಂತು. ‘ವರಾಹ ರೂಪಂ’ ಎಲ್ಲರ ರಿಂಗ್‌ಟೋನ್ ಆಯ್ತು. ಅಕ್ಟೋಬರ್‌ನಲ್ಲಿ ಕೇರಳದ ತೈಕ್ಕುಡಂ ಬ್ರಿಡ್ಜ್ ಅನ್ನುವ ಬ್ಯಾಂಡ್, ಇದು ನಮ್ಮ ‘ನವರಸಂ’ ಹಾಡಿಗೆ ತುಂಬಾ ಹತ್ತಿರ ಉಂಟು, ಕೃತಿಸ್ವಾಮ್ಯದ ಉಲ್ಲಂಘನೆ ಅಂತ ಹೇಳಿತು. ಸಂಗೀತ ನಿರ್ದೇಶಕ ಅಜನೀಶ್ ಲೋಕನಾಥ್, ನಕಲು ಅಲ್ಲ, ಒಂದೇ ರಾಗಗಳ ಮೇಲೆ ನಿಂತದ್ದರಿಂದ ಹಾಗೆ ಕೇಳಿಸ್ತದೆ ಅಂದರು. ಕೋಳಿಕ್ಕೋಡಿನ ಕೋರ್ಟ್ ಅಕ್ಟೋಬರ್ ಕೊನೆಗೆ ತಡೆ ಕೊಟ್ಟಿತು. ನವೆಂಬರ್ 24ರಂದು ಸಿನಿಮಾ ಪ್ರೈಮ್ ವಿಡಿಯೋಗೆ ಬಂದಾಗ ಹಾಡಿನ ರಾಗ ಬದಲಾಗಿತ್ತು. ಇದು ಎಂತ ಮಾಡಿದ್ದಾರೆ ಅಂತ ನಾವೆಲ್ಲ ಸ್ಟೇಟಸ್ ಹಾಕಿದ್ದು ನೆನಪುಂಟಾ? ಕೇಸ್ ನಡೆಸುವ ವ್ಯಾಪ್ತಿ ಯಾವ ಕೋರ್ಟಿಗೆ ಅನ್ನುವ ಪ್ರಶ್ನೆ ಬಂದು ತಡೆ ಹೋಯ್ತು, ಡಿಸೆಂಬರ್ ಆರಂಭದಲ್ಲಿ ಮೊದಲಿನ ಹಾಡೇ ವಾಪಸ್ ಬಂತು. ವಿಷಯ ಮುಂದೆ ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಕೂಡ ಹೋಯ್ತು.

ಯಾರು ಸರಿ ಅಂತ ತೀರ್ಪು ಕೊಡುವುದು ನನ್ನ ಕೆಲಸ ಅಲ್ಲ. ಎರಡೂ ಹಾಡು ನನಗೆ ಇಷ್ಟ. ಆದರೆ ಇದರಲ್ಲಿ ಕೇಳುಗರಾಗಿ ನಾವು ಕಲಿಯುವುದು ಎರಡು ವಿಷಯ.

ಒಂದು, ರಾಗ ಯಾರ ಸೊತ್ತೂ ಅಲ್ಲ. ತೋಡಿ ಎಲ್ಲರಿಗೂ ಒಂದೇ. ಆದರೆ ಆ ರಾಗದಲ್ಲಿ ನೀವು ಕಟ್ಟಿದ ನಿರ್ದಿಷ್ಟ ಮಟ್ಟು, ಅದರ ಸ್ವರಗಳ ಜೋಡಣೆ ನಿಮ್ಮದು. ಗೆರೆ ಎಲ್ಲಿ ಅನ್ನುವುದೇ ಜಗಳ.

ಎರಡು, ‘ನವರಸಂ’ ಪರವಾಗಿ ಬ್ಯಾಂಡ್ ಮಾತ್ರ ಕೋರ್ಟಿಗೆ ಹೋದದ್ದಲ್ಲ. ಹಾಡಿನ ಹಕ್ಕು ತನ್ನದು ಅಂತ ಮಾತೃಭೂಮಿ ಸಂಸ್ಥೆಯೂ ಪಾಲಕ್ಕಾಡಿನ ಕೋರ್ಟಿಗೆ ಹೋಗಿತ್ತು. ಅಂದರೆ ಸ್ವತಂತ್ರ ಬ್ಯಾಂಡ್ ಅಂತ ನಾವು ಕರೆಯುವವರ ಹಾಡಿನಲ್ಲಿಯೂ ಕಾಗದದ ಮೇಲೆ ಬೇರೊಬ್ಬರ ಹೆಸರು ಇರಬಹುದು. ಅದು ತಪ್ಪು ಅಂತ ಅಲ್ಲ. ಆದರೆ ವೇದಿಕೆಯಲ್ಲಿ ಕಾಣುವವರು ಬೇರೆ, ದಸ್ತಾವೇಜಿನಲ್ಲಿ ಇರುವವರು ಬೇರೆ ಆಗಬಹುದು ಅನ್ನುವುದು ಗೊತ್ತಿರಬೇಕು.

ಈಗ ಗೆಳೆಯನ ಹಾಡು

ಮೂರು ವಾರದ ಹಿಂದಿನ ಶುಕ್ರವಾರ ಬಿಡುಗಡೆ ಆಯ್ತು. ನಾಲ್ಕು ನಿಮಿಷ ಹತ್ತು ಸೆಕೆಂಡ್. ಗೆಳೆಯನದ್ದಾದ ಕಾರಣ ನನ್ನ ಹೊಗಳಿಕೆಯಲ್ಲಿ ಸ್ವಲ್ಪ ಕಳೆದು ಕೇಳಿ, ತೆಗಳಿಕೆಯನ್ನು ಪೂರ್ತಿ ತಕ್ಕೊಳ್ಳಿ.

ಹಾಡು ಅಡಿಕೆಯ ಹಳದಿ ಎಲೆ ರೋಗದ ಬಗ್ಗೆ. ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆಯವರಿಗಾಗಿ ಹೇಳ್ತೇನೆ: ಸೋಗೆ ತುದಿಯಿಂದ ಹಳದಿ ಆಗ್ತಾ ಬರ್ತದೆ, ಮರ ಸೊರಗ್ತದೆ, ಫಸಲು ವರ್ಷ ವರ್ಷ ಇಳೀತದೆ. ಪೂರ್ತಿ ಗುಣ ಮಾಡುವ ಮದ್ದು ಇಲ್ಲ. ಹಾಡಿನಲ್ಲಿ ರೋಗದ ಹೆಸರು ಒಮ್ಮೆಯೂ ಬರುದಿಲ್ಲ. ಅಪ್ಪ ಬೆಳಿಗ್ಗೆ ತೋಟಕ್ಕೆ ಹೋಗಿ ಬಂದು ಮಾತಾಡದೆ ಚಾ ಕುಡಿಯುವುದು, ಅಷ್ಟೇ ಮೊದಲ ಚರಣ. ಪಲ್ಲವಿ ಅರೆಭಾಷೆಯಲ್ಲಿ ಉಂಟು, ಮನೆಯಲ್ಲಿ ಅವರು ಮಾತಾಡುವುದು ಅದೇ.

ಬಸ್ಸಿನ ಪರೀಕ್ಷೆ: ಪಾಸ್. ಜಾಲ್ಸೂರಲ್ಲಿ ಇಳಿದಾಗ ಪಲ್ಲವಿ ಬಾಯಲ್ಲಿತ್ತು. ನನಗೆ ಅರೆಭಾಷೆ ಬರುದಿಲ್ಲ, ಆದರೂ.

ಮಾತಿನ ಪರೀಕ್ಷೆ: ಅರ್ಧ. ಮೊದಲ ಚರಣ ಇಷ್ಟು ಮೌನದಲ್ಲಿ ನಿಂತಿರುವಾಗ ಎರಡನೇ ಚರಣದಲ್ಲಿ ಭೂತಾಯಿ, ರೈತ, ಕಣ್ಣೀರು ಅಂತ ಭಾಷಣ ಬಂದುಬಿಟ್ಟಿದೆ. ಅಪ್ಪನ ಚಾ ಲೋಟ ಅಷ್ಟು ಹೇಳಿದ ಮೇಲೆ ಕಣ್ಣೀರು ಅಂತ ಬಾಯಿಬಿಟ್ಟು ಹೇಳುವ ಅಗತ್ಯ ಇರಲಿಲ್ಲ. ಅವನಿಗೂ ಇದನ್ನೇ ಹೇಳಿದೆ. "ಎರಡನೇ ಚರಣ ರಾತ್ರಿ ಒಂದು ಗಂಟೆಗೆ ಬರೆದದ್ದು ಮಾರಾಯ" ಅಂದ. ಗೊತ್ತಾಗ್ತದೆ.

ಹೆಡ್‌ಫೋನ್ ಪರೀಕ್ಷೆ: ಗಿಟಾರಿನ ದಪ್ಪ ತಂತಿಯನ್ನು ಸಡಿಲ ಮಾಡಿ ಶ್ರುತಿ ಇಳಿಸಿದ್ದಾನೆ, ಅದರಿಂದ ಇಡೀ ಹಾಡಿಗೆ ಒದ್ದೆ ಮಣ್ಣಿನ ಭಾರ ಬಂದಿದೆ. ಹಿಂದೆ ಒಂದು ‘ಸ್ಸ್ಸ್’ ಶಬ್ದ ಉಂಟು. ಅದು ಎಫೆಕ್ಟ್ ಅಲ್ಲ, ಶೀಟಿನ ಮಾಡಿನ ಮೇಲೆ ಬಿದ್ದ ಮಳೆ. ತೆಗೀಲಿಕ್ಕೆ ಆಗದೆ ಬಿಟ್ಟದ್ದು, ಆದರೆ ಅದೇ ಹಾಡಿನ ಅತ್ಯಂತ ಒಳ್ಳೆಯ ವಾದ್ಯ. ಕೆಟ್ಟದ್ದು ಡ್ರಮ್ಸ್. ಲ್ಯಾಪ್‌ಟಾಪಿನಲ್ಲಿ ಮಾಡಿದ್ದು, ಒಂದು ಪೆಟ್ಟೂ ಹಿಂದೆ ಮುಂದೆ ಇಲ್ಲ. ಅಷ್ಟು ನೀಟಾದ ಡ್ರಮ್ಸ್ ಆ ಮಳೆಯಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತ ಹಾಗೆ ಕಾಣ್ತದೆ.

ಒಟ್ಟಿನಲ್ಲಿ ದೊಡ್ಡ ಹಾಡಲ್ಲ. ಆದರೆ ಈ ಊರಿನಲ್ಲಿ ಮಾತ್ರ ಹುಟ್ಟಬಹುದಾದ ಹಾಡು.

ನಾಲ್ಕು ಪುಟದ ಕಾಗದ

ಬಿಡುಗಡೆಗೆ ಮೂರು ತಿಂಗಳು ಮೊದಲು ಒಂದು ಕಂಪನಿಯಿಂದ ಅವನಿಗೆ ಕಾಗದ ಬಂತು. ಹಾಡು ಹಿಡಿಸಿದೆ, 25,000 ರೂಪಾಯಿ ಒಮ್ಮೆಲೇ ಕೊಡ್ತೇವೆ. ಬದಲಿಗೆ ಸಾಹಿತ್ಯ, ರಾಗ, ಧ್ವನಿಮುದ್ರಣ, ಮೂರರ ಎಲ್ಲ ಹಕ್ಕು, ಎಲ್ಲ ದೇಶಕ್ಕೂ, ಹಕ್ಕಿನ ಪೂರ್ತಿ ಅವಧಿಗೆ. ಅವನಿಗೆ ರೆಕಾರ್ಡಿಂಗು, ಮಿಕ್ಸಿಂಗಿಗೆ ಆದ ಸಾಲ 18,000. ಸಹಿ ಹಾಕುವ ಮೊದಲು, "ನೀನು ಬಿಕಾಂ ಅಲ್ವಾ, ಒಮ್ಮೆ ನೋಡು" ಅಂತ ಫೋಟೋ ಕಳಿಸಿದ.

ಬಿಕಾಂನವನಿಗೆ ಗೊತ್ತಿರುವುದು ಭಾಗಾಕಾರ. ಅವನಿಗೆ ಈಗ 27. ದೇವರು 75 ವರ್ಷ ಆಯಸ್ಸು ಕೊಟ್ಟ ಅಂತ ಇಡಿ. 48 ವರ್ಷ, ಮತ್ತೆ 60 ಸೇರಿಸಿದರೆ ಪದ ಮತ್ತು ರಾಗದ ಹಕ್ಕು 108 ವರ್ಷ. 25,000ವನ್ನು 108ರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 231 ರೂಪಾಯಿ. ಇವತ್ತು ಕೈಗೆ ಬರುವ ರೂಪಾಯಿಗೆ ಬೆಲೆ ಜಾಸ್ತಿ, ಅದನ್ನೂ ಲೆಕ್ಕ ಹಾಕಬೇಕು, ಒಪ್ತೇನೆ. ಆದರೂ ಮಾರುವವನಿಗೆ ಈ ಸಂಖ್ಯೆ ಗೊತ್ತಿದ್ದು ಮಾರಬೇಕು.

ಅವನಿಗೆ ಅರ್ಥ ಆದದ್ದು ಅಡಿಕೆ ಭಾಷೆಯಲ್ಲಿ ಹೇಳಿದಾಗ. ತೋಟದ ಫಸಲನ್ನು ಮೂರು ವರ್ಷಕ್ಕೆ ಗುತ್ತಿಗೆ ಕೊಡಬಹುದು, ಅವಧಿ ಮುಗಿದ ಮೇಲೆ ತೋಟ ನಿಮ್ಮದೇ. ಇದು ಲೈಸೆನ್ಸ್. ತೋಟವನ್ನೇ ರಿಜಿಸ್ಟ್ರಿ ಮಾಡಿ ಕೊಡಬಹುದು. ಇದು ಹಕ್ಕಿನ ವರ್ಗಾವಣೆ. ಅವನ ಎದುರು ಇದ್ದದ್ದು ಫಸಲಿನ ಬೆಲೆಗೆ ತೋಟದ ರಿಜಿಸ್ಟ್ರಿ.

ಕಾನೂನಿನ ನಾಲ್ಕು ವಿಷಯ ಹೇಳ್ತೇನೆ. ನಾನು ವಕೀಲ ಅಲ್ಲ. ಸಹಿಗೆ ಮೊದಲು ವಕೀಲರಿಗೆ ತೋರಿಸಿ.

ಒಂದು, 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯ, ರಾಗ, ಧ್ವನಿಮುದ್ರಣ ಮೂರೂ ಬೇರೆ ಬೇರೆ ಆಸ್ತಿ. ಷರೀಫರ ಪದ, ಅಶ್ವತ್ಥರ ರಾಗ ನೆನಪಿಸಿಕೊಳ್ಳಿ. ಒಂದನ್ನು ಕೊಟ್ಟು ಇನ್ನೊಂದನ್ನು ಇಟ್ಟುಕೊಳ್ಳಬಹುದು.

ಎರಡು, ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಬಾಯಿ ಮಾತಿಗೆ ಬೆಲೆ ಇಲ್ಲ.

ಮೂರು, ಅವಧಿ ಬರೆಯದಿದ್ದರೆ ಐದು ವರ್ಷ ಅಂತ, ಪ್ರದೇಶ ಬರೆಯದಿದ್ದರೆ ಭಾರತದ ಒಳಗೆ ಮಾತ್ರ ಅಂತ ಕಾನೂನು ತಿಳೀತದೆ. ಅದಕ್ಕೇ ಕಾಗದದಲ್ಲಿ ಪೂರ್ತಿ ಅವಧಿ, ಎಲ್ಲ ದೇಶ ಅಂತ ಬರೆದಿರ್ತಾರೆ. ಆ ಎರಡು ಪದದ ಮೇಲೆ ಬೆರಳಿಟ್ಟು ಓದಿ.

ನಾಲ್ಕು, 2012ರ ತಿದ್ದುಪಡಿಯ ನಂತರ, ಹಾಡು ಬರೆದವರು ಮತ್ತು ರಾಗ ಹಾಕಿದವರು ಹಕ್ಕನ್ನು ವರ್ಗಾಯಿಸಿದರೂ ರಾಯಲ್ಟಿಯ ಸಮಪಾಲು ಬಿಟ್ಟುಕೊಡ್ಲಿಕ್ಕೆ ಬರುದಿಲ್ಲ. ಇನ್ನು ಮುಂದೆ ಯಾವ ರಾಯಲ್ಟಿಯೂ ಇಲ್ಲ ಅಂತ ಕಾಗದದಲ್ಲಿ ಕಂಡರೆ ಅಲ್ಲಿ ನಿಲ್ಲಿ, ಕೇಳಿ. ಆ ಪಾಲನ್ನು ವಸೂಲಿ ಮಾಡಿ ಸದಸ್ಯರಿಗೆ ಹಂಚಲಿಕ್ಕೆ 1969ರಿಂದ ಐಪಿಆರ್‌ಎಸ್ ಅನ್ನುವ ಸಂಘ ಉಂಟು.

ಅವನು ಕಂಪನಿಗೆ, ಮೂರು ವರ್ಷದ ಲೈಸೆನ್ಸ್ ಆದರೆ ಕೊಡ್ತೇನೆ, ದುಡ್ಡು ಕಡಿಮೆ ಆದರೂ ಅಡ್ಡಿಲ್ಲ ಅಂತ ಬರೆದ. ಎರಡು ಸಾಲಿನ ಉತ್ತರ ಬಂತು, ಆಗುದಿಲ್ಲ ಅಂತ. ಆಮೇಲೆ ಫೋನ್ ಎತ್ತಲಿಲ್ಲ. ಒಂದು ವಾರ ಅವನು ನನ್ನ ಹತ್ತಿರವೂ ಮಾತಾಡ್ಲಿಲ್ಲ. "ನೀನು ಬಾಯಿ ಮುಚ್ಚಿಕೊಂಡಿದ್ರೆ ನನ್ನ ಸಾಲ ಇವತ್ತು ತೀರ್ತಿತ್ತು" ಅಂತ ಒಂದು ಮೆಸೇಜ್ ಮಾತ್ರ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಸಾಲ ಅವನದ್ದು, ಲೆಕ್ಕ ಮಾತ್ರ ನನ್ನದು.

ಕೊನೆಗೆ ವರ್ಷಕ್ಕೆ ಇಷ್ಟು ಅಂತ ಶುಲ್ಕ ತಕ್ಕೊಳ್ಳುವ ಒಂದು ಡಿಸ್ಟ್ರಿಬ್ಯೂಟರ್ ಮೂಲಕ ಅವನೇ ಹಾಕಿದ. ನಿನ್ನೆವರೆಗೆ ಸ್ಪಾಟಿಫೈಯಲ್ಲಿ 612 ಸಲ ಪ್ಲೇ ಆಗಿದೆ. ಅಲ್ಲಿ 30 ಸೆಕೆಂಡ್ ದಾಟಿ ಕೇಳಿದರೆ ಮಾತ್ರ ಒಂದು ಅಂತ ಲೆಕ್ಕ. ಮತ್ತೆ 2024ರಿಂದ ಬಂದ ನಿಯಮದ ಪ್ರಕಾರ, ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿ ಶೂನ್ಯ. ಅಂದ್ರೆ ಇವತ್ತಿಗೆ ಅವನ ಸಂಪಾದನೆ ಸೊನ್ನೆ. ಹಾಡು ಪೂರ್ತಿ ಅವನದ್ದು, ಸಾಲವೂ ಪೂರ್ತಿ ಅವನದ್ದು. ಸ್ವತಂತ್ರ ಅಂದರೆ ಇದೂ ಸೇರಿಯೇ.

ಮೂರು ಚುಕ್ಕೆ ಒತ್ತಿ

ಕಡಬದ ಕೇಳುಗರಿಗೆ ಈಗ ಉತ್ತರ. ಹಾಡು ಲಾಯ್ಕ ಉಂಟು ಅನ್ನುವುದು ಮೊದಲ ಹೆಜ್ಜೆ, ಅದಿಲ್ಲದೆ ಯಾವುದೂ ಇಲ್ಲ. ಆದರೆ ಇಷ್ಟ ಆದ ಮೇಲೆ ಒಂದು ನಿಮಿಷ ಹೆಚ್ಚು ಕೊಡಿ. ಆ್ಯಪಿನಲ್ಲಿ ಹಾಡಿನ ಪಕ್ಕ ಮೂರು ಚುಕ್ಕೆ ಉಂಟಲ್ಲ, ಅದನ್ನು ಒತ್ತಿ ಕ್ರೆಡಿಟ್ಸ್ ನೋಡಿ: ಬರೆದದ್ದು ಯಾರು, ರಾಗ ಯಾರದ್ದು. ಆಮೇಲೆ ಆಲ್ಬಂ ಪುಟದ ಕೊನೆಗೆ ಹೋಗಿ. ವೃತ್ತದ ಒಳಗೆ ‘ಪಿ’ ಅಕ್ಷರ, ಒಂದು ಇಸವಿ, ಒಂದು ಹೆಸರು ಇರ್ತದೆ. ಆ ‘ಪಿ’ ಧ್ವನಿಮುದ್ರಣದ ಒಡೆತನದ ಗುರುತು. ಅಲ್ಲಿ ಬ್ಯಾಂಡಿನ ಹೆಸರೇ ಇದ್ದರೆ ಹೆಚ್ಚಾಗಿ ಹಾಡು ಅವರ ಕೈಯಲ್ಲೇ ಉಂಟು. ಕಂಪನಿಯ ಹೆಸರಿದ್ದರೆ ಧ್ವನಿಮುದ್ರಣ ಕಂಪನಿಯದ್ದು. ಯಾವುದಾದರೂ ಕೇಳಿ, ಪಾಪ ಅಲ್ಲ. ಗೊತ್ತಿದ್ದು ಕೇಳಿ. ರೀಲ್ಸಿಗೆ ಹಾಕುವಾಗ ಹೆಸರು ಹಾಕಿ.

ಮೊನ್ನೆ ಗೆಳೆಯ ಫೋನ್ ಮಾಡಿದ. ಮಾತು ಶುರುವಾದದ್ದು ಹಾಡಿನ ಬಗ್ಗೆ ಅಲ್ಲ, ಎರಡನೇ ಚರಣದ ಬಗ್ಗೆ. ಭೂತಾಯಿ, ಕಣ್ಣೀರು ಎಲ್ಲ ತೆಗೆದು ಹೊಸತು ಬರೀತಾನಂತೆ, ಡ್ರಮ್ಸ್ ಕೂಡ ಕೈಯಲ್ಲೇ ಬಾರಿಸಿ ಮತ್ತೊಮ್ಮೆ ರೆಕಾರ್ಡ್ ಮಾಡ್ತಾನಂತೆ. "ಯಾರ ಪರ್ಮಿಷನ್ ಬೇಕು?" ಅಂತ ಕೇಳಿದ. ಯಾರದ್ದೂ ಬೇಡ ಮಾರಾಯ, ಅಂದೆ. ಒಂದು ನಿಮಿಷ ಸುಮ್ಮನಿದ್ದು, "ಹಾಗಾದ್ರೆ ಮಳೆ ನಿಲ್ಲುವ ಮೊದಲು ಮಾಡ್ಬೇಕು" ಅಂದ.

ಈ ಶುಕ್ರವಾರ ನೀವು ಕೇಳಿದ ಹೊಸ ಹಾಡಿನ ‘ಪಿ’ ಎದುರು ಯಾರ ಹೆಸರಿತ್ತು, ಹಾಡು ಹೇಗಿತ್ತು, ಎರಡನ್ನೂ ಸೇರಿಸಿ ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ. ಮುಂದಿನ ಕಂತಿನಲ್ಲಿ ಹಾಕ್ತೇನೆ. ಈಗ ನನಗೆ ಫ್ಯಾನ್ ಹಾಕಬೇಕು. ಸಿಗುವ.